ಮಕ್ಕಳೊಡನೆ ಓಜು ಚಿತ್ರಗಳು: ಯಾವುದರಿಂದ ಆರಂಭಿಸಬೇಕು?

ಪ್ರಶ್ನೆ: ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ ಚಿತ್ರವೊಂದನ್ನು ಹತ್ತು ಮತ್ತು ಏಳು ವರ್ಷದ ನನ್ನ ಇಬ್ಬರು ಗಂಡುಮಕ್ಕಳೊಡನೆ ಕುಳಿತು ನೋಡಬೇಕೆಂದಿದ್ದೇನೆ. ಚಿಕ್ಕವನಿಗೆ ಸಬ್‌ಟೈಟಲ್ ಓದುವಷ್ಟು ಇಂಗ್ಲಿಷ್ ಬಾರದು. ಮಕ್ಕಳಿಗೆ ತೋರಿಸಿದ ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: 1959ರ ‘ಒಹಾಯೋ’ ಚಿತ್ರದಿಂದಲೇ ಆರಂಭಿಸಿ. ವರ್ಣಚಿತ್ರ, ಅವಧಿ ಒಂದೂವರೆ ಗಂಟೆಗಿಂತ ತುಸು ಹೆಚ್ಚು. ಟೋಕಿಯೊ ಹೊರವಲಯದ ಒತ್ತೊತ್ತಾದ ಮನೆಗಳಲ್ಲೊಂದರಲ್ಲಿರುವ ಮಿನೊರು ಮತ್ತು ಇಸಾಮು ಎಂಬ ಅಣ್ಣತಮ್ಮಂದಿರು ಪಕ್ಕದ ಮನೆಗೆ ಹೋಗಿ ಟಿವಿಯಲ್ಲಿ ಸುಮೊ ಕುಸ್ತಿ ನೋಡುತ್ತಾರೆ. ತಮಗೂ ಒಂದು ಟಿವಿ ಬೇಕೆಂದು ಹಟ ಹಿಡಿಯುತ್ತಾರೆ. ಮಾತು ಅತಿಯಾಯಿತೆಂದು ಅಪ್ಪ ಗದರಿದಾಗ, ನಮಸ್ಕಾರ, ಹವೆ ಚೆನ್ನಾಗಿದೆ, ಎಲ್ಲಿಗೆ ಹೊರಟಿರಿ ಎಂದು ದೊಡ್ಡವರು ಆಡುವುದೆಲ್ಲ ಬೇಕಾದ ಮಾತೇ ಎಂದು ಮಿನೊರು ತಿರುಗಿ ಕೇಳುತ್ತಾನೆ. ಅಲ್ಲಿಂದ ಇಬ್ಬರದೂ ಮೌನವ್ರತ. ಶಾಲೆಯ ಊಟದ ಹಣವನ್ನು ಅವರು ಕೈಸನ್ನೆಯಲ್ಲಿ ಕೇಳುವ ದೃಶ್ಯಕ್ಕೆ ಸಬ್‌ಟೈಟಲ್ ಬೇಕಾಗುವುದೇ ಇಲ್ಲ. ಉಳಿದೆಡೆ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಣೆ ಒತ್ತಿದೊಡನೆ ಅಪಾನವಾಯು ಬಿಡುವ ಆಟವೊಂದು ಹುಡುಗರ ನಡುವೆ ಚಿತ್ರದುದ್ದಕ್ಕೂ ನಡೆಯುತ್ತದೆ (ನಮ್ಮ ಮನೆಯಲ್ಲಿ ಅದನ್ನು ಹೂಸು ಎಂದೇ ಕರೆದು ನಕ್ಕೆವು). ಅದಕ್ಕಾಗಿ ಅವರು ಪಾದ ಉಜ್ಜುವಂಥ ಹಗುರ ಕಲ್ಲಿನ ಪುಡಿ ತಿನ್ನುತ್ತಾರೆ. ಅದನ್ನು ಅನುಕರಿಸಬಾರದೆಂದು ಮೊದಲೇ ತಿಳಿಸಿಡಿ.

ಇನ್ನೊಬ್ಬರ ಉತ್ತರ: ಮೇಲಿನ ಸಲಹೆಗೆ ನನ್ನ ಒಪ್ಪಿಗೆಯಿದೆ. ಆದರೆ ಮಹಿಳಾ ಸಂಘದ ಚಂದಾ ಹಣ ಎಲ್ಲಿ ಹೋಯಿತೆಂದು ನೆರೆಹೊರೆಯ ಹೆಂಗಸರು ಪಿಸುಗುಟ್ಟುವ ಭಾಗದಲ್ಲಿ ನನ್ನ ಮಗ ಎದ್ದು ಹೋಗಿಬಿಟ್ಟ. ನನಗಂತೂ ಚಿತ್ರದ ಅತ್ಯುತ್ತಮ ಭಾಗವೇ ಅದು. ಅವನನ್ನು ತಡೆಯಲಿಲ್ಲ; ಹುಡುಗರು ತೆರೆಗೆ ಮರಳಿದಾಗ ತಾನಾಗಿಯೇ ಬಂದು ಕುಳಿತ.

ಮತ್ತೊಬ್ಬರ ಉತ್ತರ: ಅಣ್ಣತಮ್ಮಂದಿರ ಮುಷ್ಕರವನ್ನು ಓಜು 1932ರಲ್ಲೇ ಮೂಕಿಚಿತ್ರವೊಂದರಲ್ಲಿ ತೋರಿಸಿದ್ದರು. ನಡುನಡುವೆ ಬರುವ ಬರಹದ ಫಲಕಗಳನ್ನು ಗಟ್ಟಿಯಾಗಿ ಓದಿ ಹೇಳಿದರೆ ಸಾಕಾದ್ದರಿಂದ ಭಾಷೆಯ ತೊಡಕು ಅದರಲ್ಲಿ ಇನ್ನೂ ಕಡಿಮೆ. ಆದರೂ ಅದನ್ನು ಎರಡನೆಯದಾಗಿ, ದೊಡ್ಡವನಿಗೆ ಮಾತ್ರ ತೋರಿಸಿ. ಮೇಲಧಿಕಾರಿಯ ಮನೆಯಲ್ಲಿ ತೋರಿಸಿದ ಚಲನಚಿತ್ರದಲ್ಲಿ ತಮ್ಮ ಅಪ್ಪನೇ ಆತನನ್ನು ಮೆಚ್ಚಿಸಲು ಕೋಡಂಗಿಯಂತೆ ಮುಖ ಕಿವುಚುವುದನ್ನು ಕಂಡ ಹುಡುಗರು ಅವಮಾನದಿಂದ ಕುದಿದು ಊಟ ಬಿಡುತ್ತಾರೆ. ಅಲ್ಲಿಯವರೆಗಿದ್ದ ನಗು ಆ ದೃಶ್ಯದಲ್ಲಿ ನಿಂತುಬಿಡುತ್ತದೆ. ಚಿತ್ರ ಮುಗಿದ ಮೇಲೆ ನನ್ನ ಮಗಳು, “ಅಪ್ಪಾ, ನೀನೂ ಆಫೀಸಿನಲ್ಲಿ ಹೀಗೆ ಮಾಡ್ತೀಯಾ?” ಎಂದು ಕೇಳಿದಳು. ಉತ್ತರವೊಂದನ್ನು ಸಿದ್ಧವಾಗಿಟ್ಟುಕೊಂಡೇ ತೋರಿಸಿ.