ಸಿಎ 15-3 ಏರಿದರೆ ಆಯುಷ್ಯದ ಲೆಕ್ಕ ಸಿಗುತ್ತದೆಯೇ?

ಪ್ರಶ್ನೆ: ಅಕ್ಕನಿಗೆ ಎರಡನೇ ಹಂತದ ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಎರಡೂ ಮುಗಿದಿವೆ. ಮೊನ್ನೆಯ ರಕ್ತಪರೀಕ್ಷೆಯಲ್ಲಿ ಸಿಎ 15-3 (ಸ್ತನ ಕ್ಯಾನ್ಸರ್‌ನ ಜಾಡು ಹಿಡಿಯಲು ರಕ್ತದಲ್ಲಿ ಅಳೆಯುವ ಗುರುತು) ಎದುರು 34 ಎಂದಿದ್ದು, ಪಕ್ಕದಲ್ಲಿ ‘30ಕ್ಕಿಂತ ಕಡಿಮೆ’ ಎಂದು ಮುದ್ರಿಸಲಾಗಿದೆ. ಆ ಒಂದೇ ಸಾಲನ್ನು ಅವಳು ಮತ್ತೆ ಮತ್ತೆ ಓದುತ್ತಿದ್ದಾಳೆ. ಇದರಿಂದ ಅವಳು ಎಷ್ಟು ಕಾಲ ಬದುಕುತ್ತಾಳೆಂದು ಹೇಳಬಹುದೇ?

ಉತ್ತರ: ಹೇಳಲಾಗದು. ಸಿಎ 15-3 ಎಂಬುದು ಜೀವಕೋಶಗಳ ಮೇಲ್ಮೈಯಲ್ಲಿರುವ ಎಂಯುಸಿ1 ಎಂಬ ಪ್ರೋಟೀನಿನಿಂದ ಕಳಚಿ ರಕ್ತಕ್ಕೆ ಸೇರುವ ಅಂಶ. ಯಕೃತ್ತಿನ ಕಾಯಿಲೆಯಂತಹ ಬೇರೆ ಕಾರಣಗಳಿಂದಲೂ ಅದು ಏರುತ್ತದೆ, ರೋಗ ಮರುಕಳಿಸಿದ ಕೆಲವರಲ್ಲಿ ಏರದೆಯೂ ಇರುತ್ತದೆ. ಒಂದು ಅಂಕಿಗಿಂತ, ಅದೇ ಪ್ರಯೋಗಾಲಯದಲ್ಲಿ ಅದೇ ವಿಧಾನದಿಂದ ಮಾಡಿಸಿದ ಪರೀಕ್ಷೆಗಳಲ್ಲಿ ಕಾಣುವ ಏರಿಳಿತದ ದಿಕ್ಕು ಮುಖ್ಯ.

ಇನ್ನೊಂದು ಉತ್ತರ: ಮುನ್ಸೂಚನೆಗೆ ಹೆಚ್ಚು ತೂಕವಿರುವುದು ಗೆಡ್ಡೆಯ ಅಂಗಾಂಶದ ವರದಿಗೆ. ಅದರ ಗಾತ್ರ, ಕಂಕುಳಿನ ದುಗ್ಧಗ್ರಂಥಿಗಳ ಸ್ಥಿತಿ, ಗ್ರೇಡ್ (ಕ್ಯಾನ್ಸರ್ ಕೋಶಗಳು ಸಹಜ ಕೋಶಗಳಿಗಿಂತ ಎಷ್ಟು ಭಿನ್ನ ಎಂಬ ಅಳತೆ), ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳು, ಎಚ್‌ಇಆರ್2 (ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನ್) ಇವೆಲ್ಲವನ್ನೂ ಒಟ್ಟಿಗೆ ನೋಡಬೇಕು. ಎಚ್‌ಇಆರ್2 ಪಾಸಿಟಿವ್ ಎಂದರೆ ಒಂದು ಕಾಲದಲ್ಲಿ ಕೆಟ್ಟ ಸೂಚನೆಯೇ ಆಗಿತ್ತು. 1998ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ, ಆ ಪ್ರೋಟೀನನ್ನೇ ಗುರಿಯಾಗಿಸುವ ಟ್ರಾಸ್ಟುಝುಮ್ಯಾಬ್ ಎಂಬ ಔಷಧ ಆ ಚಿತ್ರವನ್ನೇ ಬದಲಿಸಿತು. ಚಿಕಿತ್ಸೆ ಬದಲಾದಂತೆ ಗುರುತಿನ ಅರ್ಥವೂ ಬದಲಾಗುತ್ತದೆ ಎಂಬುದನ್ನು ಅಕ್ಕನಿಗೆ ದಯವಿಟ್ಟು ತಿಳಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಶಸ್ತ್ರಚಿಕಿತ್ಸೆಯ ನಂತರದ ಬಯಾಪ್ಸಿ ವರದಿಯನ್ನು ಹುಡುಕಿ ತೆಗೆದಿದ್ದೇನೆ. ನಾಳೆ ಅದನ್ನೇ ಹಿಡಿದು ವೈದ್ಯರನ್ನು ಕಾಣುತ್ತೇವೆ.