6 ಗಂಟೆ ನಿದ್ದೆ ಸಾಕಾಗುತ್ತಾ?

ಪ್ರಶ್ನೆ:
ನಂಗೆ 34 ವರ್ಷ, ರಾತ್ರಿ 12ಕ್ಕೆ ಮಲಗಿ ಬೆಳಗ್ಗೆ 6ಕ್ಕೆ ಏಳ್ತೀನಿ, ಎದ್ದಾಗ ಏನೂ ಅನ್ಸಲ್ಲ ಆದ್ರೆ ಮಧ್ಯಾಹ್ನ ಮೀಟಿಂಗಲ್ಲಿ ತೂಕಡಿಕೆ ತಡ್ಕೊಳೋಕಾಗಲ್ಲ, ರಜೆ ಸಿಕ್ರೆ 10 ಗಂಟೆ ಬಿದ್ಕೊಂಡಿರ್ತೀನಿ. 6 ಗಂಟೆ ಅಭ್ಯಾಸ ಆಗ್ಬಿಡುತ್ತೆ ಅಂತಾರಲ್ಲ, ನಿಜಾನಾ?

ಉತ್ತರ 1:
ರಜೆ ದಿನ 10 ಗಂಟೆ ಮಲಗ್ತೀರಲ್ಲ, ಅಲ್ಲೇ ಇದೆ ಉತ್ತರ, ವಾರವಿಡೀ ನಿದ್ದೆ ಸಾಲ ಬೆಳೀತಿದೆ. ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು, ಹದಿಹರೆಯದವರಿಗೆ 8ರಿಂದ 10, ಈಗಷ್ಟೇ ಹುಟ್ಟಿದ ಮಗು ಅಂತೂ 14–17 ಗಂಟೆ ಮಲಗುತ್ತೆ (ಅಪ್ಪ ಅಮ್ಮಂಗೆ ಮಾತ್ರ ಅದೂ ಇಲ್ಲ 😄). ಅಭ್ಯಾಸ ಆಯ್ತು ಅಂತ ನಮಗನ್ಸುತ್ತೆ ಅಷ್ಟೇ, ಗಮನ, ಚುರುಕುತನ ಎಲ್ಲಾ ದಿನೇ ದಿನೇ ಕಮ್ಮಿ ಆಗ್ತಾನೇ ಇರುತ್ತೆ, ನಮಗೇ ಗೊತ್ತಾಗಲ್ಲ.

ಉತ್ತರ 2:
ಕಾಫಿ ಎಷ್ಟೊತ್ತಿಗೆ ಕುಡೀತೀರಾ? ಕೆಫೀನ್ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು, ಸಂಜೆ ಕಪ್ ಬಿಟ್ಟು ನೋಡಿ.

ಉತ್ತರ 3:
ಗಂಟೆ ಲೆಕ್ಕ ಒಂದೇ ಸಾಲಲ್ಲ ಸರ್. ನಾನು 8 ಗಂಟೆ ಮಲಗಿದ್ರೂ ತೂಕಡಿಸ್ತಿದ್ದೆ, ಗೊರಕೆ ಜೋರು ಅಂತ ಮನೇಲಿ ಬೈತಿದ್ರು, ಕೊನೆಗೆ ಟೆಸ್ಟ್ ಮಾಡಿಸಿದ್ರೆ ಸ್ಲೀಪ್ ಆಪ್ನಿಯಾ, ನಿದ್ದೇಲಿ ಉಸಿರು ಆಗಾಗ ನಿಂತು ನಿಂತು ಹೋಗ್ತಿತ್ತು.

ಪ್ರಶ್ನೆ ಕೇಳಿದವರು:
ಅಯ್ಯೋ, ಗೊರಕೆ ವಿಷ್ಯ ಹೆಂಡ್ತೀನ ಕೇಳ್ಬೇಕು. ಇವತ್ತು 11ಕ್ಕೇ ಫೋನ್ ಪಕ್ಕಕ್ಕಿಡ್ತೀನಿ.