ಫ್ರಟಾಕ್ಸಿನ್ ಮತ್ತು ಸಿಯಾವೈ: ಅಲೈನ್‌ಮೆಂಟ್ ತುಂಬ ಗ್ಯಾಪ್, ಆರ್‌ಎಂಎಸ್‌ಡಿ ವಿಪರೀತ

ಪ್ರಶ್ನೆ:
ಫ್ರೀಡ್ರೈಕ್ ಅಟಾಕ್ಸಿಯಾ ಕಾಯಿಲೆಗೆ ಸಂಬಂಧಿಸಿದ ಮನುಷ್ಯರ ಫ್ರಟಾಕ್ಸಿನ್ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದ ಸಿಯಾವೈ ಪ್ರೋಟೀನ್ ಜೊತೆ ಹೋಲಿಸುತ್ತಿದ್ದೇನೆ. ಪ್ರೋಟೀನ್ ಡೇಟಾಬೇಸ್ ಯೂನಿಪ್ರಾಟ್‌ನಿಂದ ಎರಡೂ ಸೀಕ್ವೆನ್ಸ್ ಇಳಿಸಿಕೊಂಡು ಗ್ಲೋಬಲ್ ಅಲೈನ್‌ಮೆಂಟ್ (ತುದಿಯಿಂದ ತುದಿಗೆ ಹೊಂದಿಸಿ ನೋಡುವುದು) ಓಡಿಸಿದರೆ ಶುರುವಿನಲ್ಲೇ ಉದ್ದುದ್ದ ಗ್ಯಾಪ್. ಆಲ್ಫಾಫೋಲ್ಡ್ ಊಹಿಸಿದ ರಚನೆಯ ಮಾಡೆಲ್‌ಗಳನ್ನು ಒಂದರ ಮೇಲೊಂದು ಕೂರಿಸಲು ಹೋದರೂ ಕೂರುತ್ತಿಲ್ಲ. ಇವು ನಿಜಕ್ಕೂ ಒಂದೇ ಕುಟುಂಬದವೇ? ರೋಗಿಗಳಲ್ಲಿ ಕಂಡಿರುವ ಡಬ್ಲ್ಯೂ155ಆರ್ ಮ್ಯುಟೇಶನ್ (155ನೆಯ ಟ್ರಿಪ್ಟೊಫಾನ್ ಜಾಗದಲ್ಲಿ ಆರ್ಜಿನಿನ್) ಬ್ಯಾಕ್ಟೀರಿಯಾದಲ್ಲಿ ಎಲ್ಲಿ ಬೀಳುತ್ತದೆ ಅಂತ ನೋಡಬೇಕಿತ್ತು.

ಉತ್ತರ:
ಒಂದೇ ಕುಟುಂಬದವು, ಅನುಮಾನ ಬೇಡ. ತೊಂದರೆ ಇರುವುದು ಇನ್‌ಪುಟ್‌ನಲ್ಲಿ. ಡೇಟಾಬೇಸ್ ಕೊಡುವುದು 210 ಅಮೈನೋ ಆಮ್ಲಗಳ ಪೂರ್ವರೂಪವನ್ನು. ಮೊದಲ 80, ಪ್ರೋಟೀನನ್ನು ಮೈಟೋಕಾಂಡ್ರಿಯಾಕ್ಕೆ ಸೇರಿಸುವ ವಿಳಾಸಚೀಟಿ ಇದ್ದ ಹಾಗೆ. ಒಳಗೆ ಹೋದಮೇಲೆ ಎರಡು ಹಂತದಲ್ಲಿ ಕತ್ತರಿಸಿಹೋಗುತ್ತದೆ. 106 ಅಮೈನೋ ಆಮ್ಲಗಳ ಸಿಯಾವೈಗೆ ಅಂಥದ್ದೊಂದು ಬೇಕಾಗಿಯೇ ಇಲ್ಲ. ಮಾಡೆಲ್‌ನಲ್ಲೂ ಆ ತುದಿ ಎಲ್ಲೆಂದರಲ್ಲಿ ಚಾಚಿಕೊಂಡಿರುತ್ತದೆ, ಆರ್‌ಎಂಎಸ್‌ಡಿ (ಎರಡು ರಚನೆಗಳ ನಡುವಿನ ಅಂತರದ ಅಳತೆ) ಏರುವುದು ಅದರಿಂದಲೇ. 81ರಿಂದ 210ರವರೆಗೆ ಮಾತ್ರ ಇಟ್ಟುಕೊಂಡು ಲೋಕಲ್ ಅಲೈನ್‌ಮೆಂಟ್ (ಹೋಲುವ ಭಾಗವನ್ನಷ್ಟೇ ಹೊಂದಿಸುವುದು) ಮಾಡಿ. ರಚನೆಗೆ ಮಾಡೆಲ್ ಬಿಟ್ಟು ಸ್ಫಟಿಕ ರಚನೆಗಳನ್ನೇ ಬಳಸಿ: ಪಿಡಿಬಿ ರಚನಾ ಸಂಗ್ರಹದಲ್ಲಿ 1ಇಕೆಜಿ (ಫ್ರಟಾಕ್ಸಿನ್) ಮತ್ತು 1ಇಡಬ್ಲ್ಯೂ4 (ಸಿಯಾವೈ).

ಸರಿಯಾಗಿ ಬಂದಿದೆಯಾ ಅಂತ ತಿಳಿಯಲು ಈ ತುಣುಕು ನೋಡಿ. ಒಂದೊಂದು ಅಕ್ಷರವೂ ಒಂದೊಂದು ಅಮೈನೋ ಆಮ್ಲ, ಡಬ್ಲ್ಯೂ ಎಂದರೆ ಟ್ರಿಪ್ಟೊಫಾನ್.

ಮನುಷ್ಯ: ಎನ್-ಕೆ-ಕ್ಯೂ-ಟಿ-ಪಿ-ಎನ್-ಕೆ-ಕ್ಯೂ-ಐ-ಡಬ್ಲ್ಯೂ-ಎಲ್
ಇ. ಕೋಲಿ: ಎನ್-ಆರ್-ಕ್ಯೂ-ಇ-ಪಿ-ಎಲ್-ಎಚ್-ಕ್ಯೂ-ವಿ-ಡಬ್ಲ್ಯೂ-ಎಲ್

ಹನ್ನೊಂದರಲ್ಲಿ ಆರು ತದ್ರೂಪ. ನೀವು ಹುಡುಕುತ್ತಿರುವ ಟ್ರಿಪ್ಟೊಫಾನ್ 155, ಸಿಯಾವೈನಲ್ಲಿ 61ನೆಯದು.

ಪ್ರಶ್ನೆ:
ಕತ್ತರಿಸಿದ ಮೇಲೆ ಚೆನ್ನಾಗಿ ಕೂತಿತು, ತುಂಬಾ ಧನ್ಯವಾದ. ಹಾಗಾದರೆ 61ರಲ್ಲಿ ಅದೇ ಬದಲಾವಣೆ ಮಾಡಿ ಈ ಪ್ರೋಟೀನ್‌ಗಳು ಭಾಗವಹಿಸುವ ಕಬ್ಬಿಣ-ಗಂಧಕ ಕ್ಲಸ್ಟರ್ ತಯಾರಿಕೆಯ ವೇಗ ಅಳೆದರೆ ಕಾಯಿಲೆ ಬಗ್ಗೆ ಹೇಳಬಹುದಾ?

ಉತ್ತರ:
ಇಲ್ಲಿ ದಯವಿಟ್ಟು ನಿಧಾನಿಸಿ. ಮಡಿಕೆಯ ಸ್ಥಿರತೆ ಅಳೆಯಲು ಸಿಯಾವೈ ಒಳ್ಳೆಯ ಮಾದರಿ. ವೇಗದ ವಿಷಯದಲ್ಲಿ ಮಾತ್ರ ಇವು ತದ್ವಿರುದ್ಧ: ಪ್ರಯೋಗನಳಿಕೆಯಲ್ಲಿ ಸಿಯಾವೈ ಆ ಕೆಲಸವನ್ನು ತಡೆಯುತ್ತದೆ, ಫ್ರಟಾಕ್ಸಿನ್ ಚುರುಕುಗೊಳಿಸುತ್ತದೆ. ಎರಡೂ ಕಡೆಯ ಭಾಗಗಳನ್ನು ಅದಲುಬದಲು ಮಾಡಿ ನೋಡಿದಾಗ, ಗಂಧಕ ಒದಗಿಸುವ ಕಿಣ್ವ ಯಾವುದು ಎಂಬುದರ ಮೇಲೆ ಪರಿಣಾಮ ನಿಂತಿತ್ತು. ಬ್ಯಾಕ್ಟೀರಿಯಾದಲ್ಲಿ ಅದು ಐಎಸ್‌ಸಿಎಸ್; ನಮ್ಮಲ್ಲಿ ಎನ್‌ಎಫ್‌ಎಸ್1, ಅದರ ಜೊತೆಗೆ ಬ್ಯಾಕ್ಟೀರಿಯಾದಲ್ಲಿಲ್ಲದ ಸಹಾಯಕ ಪ್ರೋಟೀನ್ ಐಎಸ್‌ಡಿ11.

ಟ್ರಿಪ್ಟೊಫಾನ್ 155 ಏನನ್ನು ಮುಟ್ಟುತ್ತದೆ ಅಂತ ನೋಡಲು 2019ರಲ್ಲಿ ಬಂದ, ಈ ಮಾನವ ಪ್ರೋಟೀನ್‌ಗಳು ಒಟ್ಟುಗೂಡಿದ ಸಂಕೀರ್ಣದ ಕ್ರಯೋ-ಇಎಂ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ) ರಚನೆ ತೆರೆಯಿರಿ, ಆ ಟ್ರಿಪ್ಟೊಫಾನ್ ಐಎಸ್‌ಸಿಯು (ಕ್ಲಸ್ಟರ್ ಕಟ್ಟಲು ಆಸರೆಯಾಗುವ ಪ್ರೋಟೀನ್) ಮೇಲೆ ಒರಗಿರುವುದು ಕಾಣುತ್ತದೆ. ಇನ್ನೊಂದು ಮಾತು: ಬಹುಪಾಲು ರೋಗಿಗಳಲ್ಲಿ ಪ್ರೋಟೀನ್ ಕೆಟ್ಟಿರುವುದಿಲ್ಲ, ಕಡಿಮೆಯಾಗಿರುತ್ತದೆ. ಜೀನ್‌ನ ಮೊದಲ ಇಂಟ್ರಾನ್‌ನಲ್ಲಿ (ಪ್ರೋಟೀನ್ ಆಗದ ಭಾಗದಲ್ಲಿ) ಜಿಎಎ ಎಂಬ ಮೂರು ಡಿಎನ್‌ಎ ಅಕ್ಷರಗಳ ಪುನರಾವರ್ತನೆ ಉದ್ದವಾಗಿ ಉತ್ಪಾದನೆಯೇ ಕುಗ್ಗಿರುತ್ತದೆ. ಆ ಕೊರತೆಯನ್ನು ಸಿಯಾವೈ ಮ್ಯುಟೇಶನ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.